ನೀರನ್ನು ನೆಟ್ಟಗೆ ಕಡೆದವಳು

ಲೇತಕ್ಕನ ಕೆಲಸ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ವಾಪಸ್ಸು ಬಂತು. ಮಂಚದ ಕಾಲು, ಮೆಟ್ಟಿಲ ಕಟಕಟೆಯ ಕಂಬ, ಮೇಜಿನ ಖಾನೆಯ ಹಿಡಿ, ಊರುಗೋಲಿನ ತಲೆ, ಮಕ್ಕಳ ಬುಗುರಿ, ಹೀಗೆ ಅವಳ ಕೈಯಿಂದ ಇಳಿದ ಸಾಮಾನಿಗೆ ಲೆಕ್ಕವಿರಲಿಲ್ಲ. ಅದರಲ್ಲಿ ಒಂದನ್ನಾದರೂ ಯಾರೂ "ಇದು ಸರಿಯಾಗಿಲ್ಲ" ಎಂದು ಹಿಂದಕ್ಕೆ ತಂದಿರಲಿಲ್ಲ. ಮೊದಲ ಸಲ ಹಾಗೆ ತಂದವರು ಪ್ರೌಢಶಾಲೆಯ ರಸಾಯನಶಾಸ್ತ್ರದ ಮೇಡಂ. ಅವರು ಕೊಟ್ಟ ಕಾರಣ ಕೇಳಿ ಲೇತಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಕ್ಕ, ನೀವು ನೀರನ್ನ ನೆಟ್ಟಗೆ ಮಾಡಿಬಿಟ್ಟಿದ್ದೀರಲ್ಲ!"

ಬೀದಿಯವರು ಅವಳನ್ನು ಲೇತಕ್ಕ ಎನ್ನುತ್ತಿದ್ದುದು ಅವಳ ಮನೆಯ ಮುಂದಿನ ಕೋಣೆಯಲ್ಲಿದ್ದ ಲೇತ್‌ನಿಂದಾಗಿ. ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಗರಗರ ತಿರುಗಿಸಿ, ಉಳಿ ಒತ್ತಿ ಹಿಡಿದು ಕಡೆಯುವ ಯಂತ್ರ ಅದು. ಮೊದಲು ಅವಳ ಅಪ್ಪನದಾಗಿತ್ತು. ಅಪ್ಪನ ಬಲಗೈಯ ಎರಡು ಬೆರಳು ಯಂತ್ರದ ಬೆಲ್ಟಿಗೆ ಸಿಕ್ಕಿ ಜಜ್ಜಿಹೋದಾಗ ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಳು. ಗಾಯ ಮಾಯುವ ತನಕ ನೆರವಿಗಿರಲಿ ಎಂದು ಶಾಲೆ ಬಿಡಿಸಿದರು. ಗಾಯ ಮಾಯಿತು, ಬೆರಳು ಮಡಿಚಲಿಲ್ಲ, ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಪ್ಪ ಬಾಯಲ್ಲಿ ಹೇಳಿಕೊಟ್ಟದ್ದನ್ನು ಅವಳ ಕೈ ಕಲಿಯಿತು. ಇಪ್ಪತ್ತಮೂರನೇ ವಯಸ್ಸಿಗೆ ಆ ಯಂತ್ರವನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು ಗಂಡನ ಮನೆಗೆ ತಂದು, ಕಿಟಕಿಯ ಕೆಳಗೆ ನೆಲಕ್ಕೆ ಬೋಲ್ಟು ಹಾಕಿಸಿ ನಿಲ್ಲಿಸಿದಳು.

ಲೇತ್‌ನ ಮುಂದೆ ನಿಂತು ಬೆಳೆದವರಿಗೆ ಡೊಂಕು ಕಂಡರಾಗುವುದಿಲ್ಲ. ನಡುಗೆರೆ ಒಂದು ಕೂದಲೆಳೆ ಆಚೀಚೆಯಾದರೂ ಮರ ಗಡಗಡ ಅದುರುತ್ತದೆ, ಉಳಿ ಕೈಯಿಂದ ಚಿಮ್ಮುತ್ತದೆ. ಲೇತಕ್ಕನಿಗೆ ಈ ಅಭ್ಯಾಸ ಅತಿಯಾಗಿತ್ತು. ಯಾರದಾದರೂ ಮನೆಗೆ ಹೋದರೆ ಗೋಡೆಯ ಮೇಲಿನ ಪಟವನ್ನು ಮೊದಲು ನೆಟ್ಟಗೆ ಮಾಡಿ, ಆಮೇಲೆ ಕೂರುತ್ತಿದ್ದಳು. "ನಮ್ಮತ್ತಿಗೆ ಕೈಗೆ ಸಿಕ್ಕಿದ್ರೆ ನಾಯಿ ಬಾಲಾನೂ ನೆಟ್ಟಗಾಗುತ್ತೆ" ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು.

ಮೇಡಂ ಮೊದಲ ಸಲ ಬಂದಾಗ ತಂದದ್ದು ಎರಡು ಹಾಳೆ. ಪಾಠಕ್ಕೆಂದು ಶಾಲೆಯಲ್ಲಿದ್ದ ಅಣುಗಳ ಪ್ಲಾಸ್ಟಿಕ್ ಮಾದರಿಗಳು ಮುರಿದು, ಕಳೆದು, ಅರ್ಧ ಪೆಟ್ಟಿಗೆ ಉಳಿದಿದ್ದವು. ಮರದಲ್ಲಿ ಮಾಡಿಸಿದರೆ ಬಾಳಿಕೆ ಬರುತ್ತವೆಂದು ಅವರ ಯೋಚನೆ. ಹಾಳೆಯ ಮೇಲೆ ಗುಂಡುಗಳನ್ನೂ ಅವುಗಳ ನಡುವೆ ಕಡ್ಡಿಗಳನ್ನೂ ಬರೆದಿದ್ದರು. ಒಂದೊಂದು ಗುಂಡಿನೊಳಗೂ ಇಂಗ್ಲಿಷ್ ಅಕ್ಷರ. ತಮ್ಮ ಬಸ್ಸು ಹೊರಡುವ ಹೊತ್ತಾಯಿತೆಂದು ಮೇಡಂ ನಿಂತ ಕಾಲಲ್ಲೇ ಹೇಳಿ ಹೋದರು.

ಲೇತಕ್ಕನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಅವು ಬಣ್ಣದ ಗುರುತಿರಬೇಕು ಎಂದುಕೊಂಡಳು. ಅದೇನೋ ನಡೆಯಿತು, ಯಾಕೆಂದರೆ ಪಕ್ಕದಲ್ಲಿ ಮೇಡಂ ಕನ್ನಡದಲ್ಲಿ ಕೆಂಪು, ಬಿಳಿ, ಕಪ್ಪು ಎಂದು ಬರೆದಿದ್ದರು. ಎಡವಟ್ಟಾದದ್ದು ಗೆರೆಗಳಲ್ಲಿ. ಒಂದು ಚಿತ್ರದಲ್ಲಿ ನಡುವೆ ಕಪ್ಪು ಗುಂಡು, ಎರಡು ಕಡೆ ಕೆಂಪು, ಮೂರೂ ಒಂದೇ ಗೆರೆಯ ಮೇಲೆ. ಇನ್ನೊಂದರಲ್ಲಿ ನಡುವೆ ಕೆಂಪು, ಎರಡು ಕಡೆ ಬಿಳಿ, ಆದರೆ ಬಿಳಿಯವೆರಡೂ ಕೆಳಕ್ಕೆ ಜೋತುಬಿದ್ದಿದ್ದವು. ಮೂರು ಬಿಳಿಯಿದ್ದದ್ದು ಒರಗಿದ ಛತ್ರಿಯ ಹಾಗಿತ್ತು. ನಾಲ್ಕು ಇದ್ದದ್ದಂತೂ ಯಾವ ದಿಕ್ಕಿಗೂ ಸರಿಯಾಗಿರಲಿಲ್ಲ; ಒಂದು ಕಡ್ಡಿ ದಪ್ಪ, ಒಂದು ಕಡ್ಡಿ ಚುಕ್ಕಿ ಚುಕ್ಕಿ.

"ಪಾಪ, ಮೇಡಂಗೆ ಗೆರೆ ಎಳೆಯೋಕೆ ಬರಲ್ಲ" ಎಂದಳು ಲೇತಕ್ಕ. "ನಿಂತ್ಕೊಂಡು ಬರೆದಿದ್ದಾರೆ ಅಂತ ಕಾಣ್ಸುತ್ತೆ. ಒಂದೇ ಒಂದು ನೆಟ್ಟಗೆ ಬಂದಿದೆ ನೋಡು."

ನಾದಿನಿ ಇಣುಕಿ ನೋಡಿ "ಬಸ್ಸಲ್ಲಿ ಬರೆದಿರಬೇಕು ಅತ್ತಿಗೆ" ಎಂದಳು.

ಹಾಗಾಗಿ ಲೇತಕ್ಕ ಮೇಡಂಗೆ ಉಪಕಾರ ಮಾಡಿದಳು. ಎರಡಿದ್ದುದನ್ನು ಸರಳರೇಖೆಗೆ ತಂದಳು. ಮೂರಿದ್ದುದನ್ನು ಸೂರಿನ ಫ್ಯಾನಿನ ರೆಕ್ಕೆಗಳಂತೆ ಸಮ ದೂರಕ್ಕೆ ಹರಡಿದಳು. ನಾಲ್ಕಿದ್ದುದನ್ನು ಕೂಡುವ ಚಿಹ್ನೆಯಂತೆ ಅಡ್ಡ ಒಂದು, ಉದ್ದ ಒಂದು ಮಾಡಿದಳು. ಎಲ್ಲವೂ ಚಪ್ಪಟೆ, ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತವು. ಗುಂಡುಗಳ ನುಣುಪು ಎಷ್ಟಿತ್ತೆಂದರೆ ಬಿಳಿಯವು ಬೆರಳ ಸಂದಿಯಿಂದ ಜಾರುತ್ತಿದ್ದವು.

ಆ ಪೆಟ್ಟಿಗೆಯೇ ಈಗ ಅವಳ ಕೆಲಸದ ಹಲಗೆಯ ಮೇಲೆ ಮುಚ್ಚಳ ತೆರೆದುಕೊಂಡು ಬಿದ್ದಿತ್ತು.

"ಕೆಲಸ ಚಿನ್ನದಂಥಾದ್ದು ಅಕ್ಕ. ಅದಕ್ಕೇ ಹೇಳೋಕೆ ಸಂಕಟ" ಎಂದರು ಮೇಡಂ. ಅವರಿಗೆ ಮೂವತ್ತು ದಾಟಿರಲಿಲ್ಲ. ರವಿಕೆಯ ತೋಳಿಗೆ ಯಾವಾಗಲೂ ಸೀಮೆಸುಣ್ಣ ಹತ್ತಿರುತ್ತಿತ್ತು. "ಇದು ನೀರಿನ ಅಣು. ಅಣು ಅಂದ್ರೆ ನೀರಿನ ತೀರಾ ಸಣ್ಣ ತುಣುಕು. ಅದು ನೆಟ್ಟಗಿರಲ್ಲ. ಹೀಗೆ ಬಾಗಿರುತ್ತೆ."

"ಯಾರು ನೋಡಿದ್ದಾರೆ?"

"ನೋಡಿಲ್ಲ... ಅಂದ್ರೆ, ಅಳತೆ ಮಾಡಿದ್ದಾರೆ."

"ನೋಡದೇ ಇರೋದನ್ನ ಅಳೀತಾರಾ?"

"ಅಳೀತಾರೆ."

"ಆಯ್ತು. ಬಾಗಿದ್ರೆ ಏನು, ನೆಟ್ಟಗಿದ್ರೆ ಏನು? ಗುಂಡು ಅವೇ, ಕಡ್ಡಿ ಅವೇ, ಎಣಿಕೆ ಅದೇ. ಮಕ್ಕಳಿಗೆ ಏನು ವ್ಯತ್ಯಾಸ ಆಗುತ್ತೆ?"

ಲೇತಕ್ಕ ಇದನ್ನು ಜಗಳಕ್ಕೆ ಕೇಳಿರಲಿಲ್ಲ. ಮೊದಲ ಸಲ ಕೆಲಸ ಹಿಂದಕ್ಕೆ ಬಂದಿತ್ತು. ತಪ್ಪು ಎಲ್ಲಿ ಎಂದು ಗೊತ್ತಾಗದೆ ಇನ್ನೊಂದು ಸಲ ಉಳಿ ಹಿಡಿಯಲು ಅವಳಿಗೆ ಮನಸ್ಸಿರಲಿಲ್ಲ. ಮೇಡಂ ಕೂಡ ಅದನ್ನು ಜಗಳವೆಂದು ತಿಳಿಯಲಿಲ್ಲ. ಮರದ ಸಿಪ್ಪೆಯನ್ನು ಸರಿಸಿ ಸ್ಟೂಲಿನ ಮೇಲೆ ಕೂತರು.

"ಒಂದೊಂದು ಪರಮಾಣುಗೂ, ಅಂದ್ರೆ ಒಂದೊಂದು ಗುಂಡಿಗೂ, ಒಂದು ಸೆಳೆತ ಇರುತ್ತೆ. ಎರಡು ಗುಂಡಿನ ನಡುವೆ ಇರೋ ಈ ಕಡ್ಡಿ ಇದೆಯಲ್ಲ, ಅದು ಎಲೆಕ್ಟ್ರಾನ್ ಅನ್ನೋ ಕಣಗಳ ಜೋಡಿ. ಇಬ್ಬರಿಗೂ ಸೇರಿದ್ದು. ಯಾರ ಸೆಳೆತ ಜಾಸ್ತಿಯೋ ಅವರು ಅದನ್ನ ತಮ್ಮ ಕಡೆಗೆ ಎಳ್ಕೊತಾರೆ. ಇದಕ್ಕೆ ವಿದ್ಯುದೃಣತೆ ಅಂತಾರೆ."

ಒಳಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದ ಲೇತಕ್ಕನ ಗಂಡನ ಕಿವಿ ನೆಟ್ಟಗಾಯಿತು. ಅವನು ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಹತ್ತನೇ ಕ್ಲಾಸು ಪಾಸಾಗಿದ್ದನೆಂಬ ಕಾರಣಕ್ಕೆ ಮನೆಯ ವಿದ್ಯಾವಂತ ಅವನೇ. "ವಿದ್ಯುತ್ ಋಣವಾ? ಹೋದ ತಿಂಗಳ ಕರೆಂಟ್ ಬಿಲ್ಲು ಕಟ್ಟಿದ್ದೀನಲ್ಲ ಮೇಡಂ" ಎಂದ.

"ಆ ಋಣ ಅಲ್ಲ ಸಾರ್" ಎಂದು ನಕ್ಕ ಮೇಡಂ ಕೆಂಪು ಗುಂಡನ್ನು ಎತ್ತಿಕೊಂಡರು. "ಇದು ಆಕ್ಸಿಜನ್. ಸೆಳೆತ ಬಹಳ. ಬಿಳಿದು ಹೈಡ್ರೋಜನ್, ಕಡಿಮೆ. ಆಕ್ಸಿಜನ್ ಎರಡೂ ಕಡೆಯಿಂದ ತನ್ನ ಕಡೆಗೆ ಎಳ್ಕೊಳ್ಳುತ್ತೆ. ಆಗ ಆಕ್ಸಿಜನ್ ಇರೋ ತುದಿಗೆ ಸ್ವಲ್ಪ ಋಣ, ಹೈಡ್ರೋಜನ್ ಇರೋ ತುದಿಗೆ ಸ್ವಲ್ಪ ಧನ. ಒಂದು ಅಣುವಿಗೆ ಹೀಗೆ ಎರಡು ಬೇರೆ ಬೇರೆ ತುದಿ ಬಂದ್ರೆ ಅದನ್ನ ಧ್ರುವೀಯ ಅಂತೀವಿ. ನೀವು ಮಾಡಿದ ಹಾಗೆ ನೆಟ್ಟಗಿದ್ರೆ ಆ ತುದಿಗಳೇ ಇರಲ್ಲ."

"ಎರಡು ಕಡೆ ಎರಡು ತುದಿ ಇದೆಯಲ್ಲ, ಇಲ್ಲಿ, ಇಲ್ಲಿ" ಎಂದು ಲೇತಕ್ಕ ಮುಟ್ಟಿ ತೋರಿಸಿದಳು.

"ಅವೆರಡೂ ಒಂದೇ ಥರದವು. ಬೇರೆ ಬೇರೆ ಆಗ್ಬೇಕು."

"ಹಾಗಾದ್ರೆ ಈ ಕಪ್ಪುದು? ಇದಕ್ಕೂ ಎರಡು ಕಡೆ ಕೆಂಪಿದೆ. ಕೆಂಪಿನ ಸೆಳೆತ ಬಹಳ ಅಂದ್ರಿ."

"ಅದು ಕಾರ್ಬನ್ ಡೈಆಕ್ಸೈಡ್, ನಾವು ಉಸಿರು ಬಿಡೋ ಗಾಳಿ. ಅಲ್ಲಿ ಎರಡೂ ಕೆಂಪು ಎಳೀತಾವೆ, ಆದ್ರೆ ಎದುರು ಬದುರು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗೆ. ಇಬ್ಬರ ಬಲ ಸಮ. ಗಾಡಿ ಅಲ್ಲಾಡಲ್ಲ. ಅದಕ್ಕೇ ಅದು ಧ್ರುವೀಯ ಅಲ್ಲ."

ಛತ್ರಿಯಂಥದ್ದು ಅಮೋನಿಯಾ ಎಂಬ ಇನ್ನೊಂದು ಗಾಳಿ ಎಂದು ಹೇಳಿ ಮೇಡಂ ಬಸ್ಸಿಗೆ ಹೋದರು. ಮೂರು ವಾರದಲ್ಲಿ ಹೊಸದಾಗಿ ಮಾಡಿಕೊಡುವುದೆಂದು ಮಾತಾಯಿತು. ಗಂಡ ಪೇಪರು ಮಡಿಚಿಟ್ಟು ಬಂದು ಹೆಂಡತಿಗೆ ಸಮಾಧಾನ ಹೇಳಿದ. "ಅಷ್ಟು ತಲೆ ಯಾಕೆ ಕೆಡಿಸ್ಕೋತೀಯ? ನೀರು ಹರಿಯೋ ವಸ್ತು. ಹರಿಯೋದೆಲ್ಲ ಬಾಗುತ್ತೆ. ಗಾಳಿ ನೆಟ್ಟಗೆ ಬೀಸುತ್ತೆ, ಅದಕ್ಕೇ ಅದು ನೆಟ್ಟಗಿದೆ. ಇಷ್ಟೇ ವಿಷಯ."

"ಅಮೋನಿಯಾನೂ ಗಾಳಿಯಂತೆ ರೀ. ಅದು ಛತ್ರಿ ಥರ ಇದೆ."

ಕಂಡಕ್ಟರು ಸ್ವಲ್ಪ ಹೊತ್ತು ಯೋಚಿಸಿ, ಅದು ಬೇರೆ ಊರಿನ ಗಾಳಿ ಇರಬೇಕು ಎಂದ.

ಲೇತಕ್ಕ ಮಾರನೆಯ ದಿನ ಯಂತ್ರ ಹಚ್ಚಲಿಲ್ಲ. ಒಂದು ಮರದ ಬಳೆಗೆ ಎರಡು ದಾರ ಕಟ್ಟಿ ಊಟದ ಮೇಜಿನ ಮೇಲೆ ಇಟ್ಟಳು. ಒಂದು ದಾರವನ್ನು ಗಂಡನ ಕೈಗೂ ಇನ್ನೊಂದನ್ನು ನಾದಿನಿಯ ಕೈಗೂ ಕೊಟ್ಟು ಮೇಜಿನ ಆ ತುದಿ ಈ ತುದಿಗೆ ನಿಲ್ಲಿಸಿದಳು. "ಎಳೀರಿ. ಸಮವಾಗಿ." ಬಳೆ ನಡುವೆಯೇ ನಿಂತಿತು. ಆಮೇಲೆ ಇಬ್ಬರನ್ನೂ ಮೇಜಿನ ಒಂದೇ ಪಕ್ಕಕ್ಕೆ, ಒಬ್ಬರು ಈ ಮೂಲೆಗೆ ಒಬ್ಬರು ಆ ಮೂಲೆಗೆ ಕಳಿಸಿದಳು. ಎಳೆದಾಗ ಬಳೆ ಇಬ್ಬರ ಕಡೆಗೂ ಪೂರ್ತಿ ಹೋಗದೆ ನಡುದಾರಿ ಹಿಡಿದು ಮೇಜಿನ ಅಂಚಿಗೆ ಬಂತು.

ಲೇತಕ್ಕನಿಗೆ ಏನೋ ಹೊಳೆದಂತಾಯಿತು. ಹೊಳೆದದ್ದು ಗಟ್ಟಿಯಾಗಲು ಇನ್ನೊಂದು ಸಲ ಮಾಡಿಸಿದಳು. ಈ ಸಲ ಎದುರು ಬದುರು ನಿಂತಾಗಲೂ ಬಳೆ ಸರ್ರನೆ ಗಂಡನ ಕಡೆಗೆ ಹೋಯಿತು. ಹೊಳೆದದ್ದೆಲ್ಲ ಕದಡಿಹೋಯಿತು.

"ಅಣ್ಣ ಜೋರಾಗಿ ಎಳೆದ!" ಎಂದಳು ನಾದಿನಿ.

"ನಾನೆಲ್ಲಿ ಎಳೆದೆ? ನೀನು ಬಿಟ್ಟೆ."

"ಇಬ್ಬರೂ ಬಾಯಿ ಮುಚ್ಚಿ" ಎಂದು ಲೇತಕ್ಕ ತಲೆ ಹಿಡಿದು ಕೂತಳು. ನೆಟ್ಟಗಿದ್ದರೂ ಬಳೆ ಸರಿಯುತ್ತದೆ ಎಂದಾದರೆ ಮೇಡಂ ಹೇಳಿದ್ದು ತಪ್ಪೇ? ಅಥವಾ ಎಳೆಯುವವರು ಬೇರೆ ಬೇರೆಯಾದರೆ ಲೆಕ್ಕವೇ ಬೇರೆಯೇ?

ಮಧ್ಯಾಹ್ನ ಪಾತ್ರೆ ತೊಳೆಯುವಾಗ ನಾದಿನಿ ಬಚ್ಚಲಿನಿಂದ ಕೂಗಿದಳು. ಮೇಡಂ ಹೋಗುವಾಗ ಅವಳಿಗೆ ಒಂದು ಆಟ ಹೇಳಿಹೋಗಿದ್ದರಂತೆ. ಒಣ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಹತ್ತು ಸಲ ಬಾಚಿ, ನಲ್ಲಿಯಿಂದ ನೂಲಿನಂತೆ ಬೀಳುವ ನೀರಿನ ಹತ್ತಿರ ಹಿಡಿದಿದ್ದಳು. ನೀರು ಬಾಚಣಿಗೆಯ ಕಡೆಗೆ ಬಾಗಿತ್ತು. ತಾಗಿಸದೆಯೇ ಬಾಗಿತ್ತು! ಲೇತಕ್ಕ ಬಾಚಣಿಗೆ ಕಿತ್ತುಕೊಂಡು ತಾನೂ ಮಾಡಿದಳು. ಆಚೆ ಹಿಡಿದರೆ ಆಚೆ ಬಾಗಿತು, ಈಚೆ ಹಿಡಿದರೆ ಈಚೆ. ಮೂರು ಸಲ ಮಾಡಿದಳು, ನಾಲ್ಕನೆಯ ಸಲ ಬಾಚಣಿಗೆ ಒದ್ದೆಯಾಗಿ ನೀರು ಮತ್ತೆ ತನ್ನ ಪಾಡಿಗೆ ನೆಟ್ಟಗೆ ಬಿತ್ತು.

ಐವತ್ತನಾಲ್ಕು ವರ್ಷದಿಂದ ಕುಡಿದ ನೀರು, ಮಿಂದ ನೀರು. ಅವಳಿಗೆ ಒಂದು ಥರ ಭಯವಾಯಿತು. ಮನೆಯಲ್ಲಿದ್ದ ಯಾರನ್ನೋ ಇಷ್ಟು ದಿನ ಸರಿಯಾಗಿ ನೋಡಿರಲೇ ಇಲ್ಲವೇನೋ ಎನ್ನಿಸಿತು.

ಶನಿವಾರ ಮೇಡಂ ಬಂದಾಗ ಲೇತಕ್ಕ ಪ್ರಶ್ನೆಗಳ ಗಂಟನ್ನೇ ಬಿಚ್ಚಿದಳು. ದಾರದ ಆಟ ಹೇಳಿದಳು, ಗಂಡ ಮೋಸ ಮಾಡಿದ್ದನ್ನೂ ಹೇಳಿದಳು. ಮೇಡಂ ಚಪ್ಪಾಳೆ ತಟ್ಟಿಬಿಟ್ಟರು. "ಸಾರ್ ಮೋಸ ಮಾಡಿದ್ದೂ ಪಾಠವೇ ಅಕ್ಕ! ಆಕಾರ ಒಂದೇ ಸಾಕಾಗಲ್ಲ. ಎಳೆಯೋರು ಒಂದೇ ಥರದವರಾಗಿರ್ಬೇಕು, ಸುತ್ತಲೂ ಸಮವಾಗಿ ನಿಂತಿರ್ಬೇಕು. ಎರಡೂ ಆದ್ರೆ ಮಾತ್ರ ಒಬ್ಬರದನ್ನ ಒಬ್ಬರು ಕಳೀತಾರೆ. ಎರಡರಲ್ಲಿ ಒಂದು ತಪ್ಪಿದ್ರೂ ಸಾಮಾನ್ಯವಾಗಿ ತುದಿಗಳು ಬರ್ತಾವೆ."

"ಸಾಮಾನ್ಯವಾಗಿ ಅಂದ್ರೆ?"

"ಅಂದ್ರೆ... ಹೆಚ್ಚಾಗಿ."

ಲೇತಕ್ಕ ಆ "ಹೆಚ್ಚಾಗಿ"ಯನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟಳು. ಆಮೇಲೆ ಇನ್ನೊಂದು ಮಾತನ್ನು, ಗಂಡನಿಗೂ ಕೇಳಿಸದ ಹಾಗೆ, ಹೇಳಿದಳು. "ಮೇಡಂ, ಆ ಗುಂಡಿನೊಳಗಿನ ಅಕ್ಷರ ನನಗೆ ಬರಲ್ಲ. ನಾನು ನಾಲ್ಕನೇ ಕ್ಲಾಸು. ಮೊದಲೇ ಹೇಳ್ಬೇಕಿತ್ತು."

"ನಾನೂ ಮೊದಲೇ ಕೇಳ್ಬೇಕಿತ್ತು" ಎಂದರು ಮೇಡಂ. ಪೆನ್ಸಿಲ್ ತೆಗೆದು ಹಾಳೆಯ ಮೇಲೆಯೇ ಎಲ್ಲ ಹೆಸರುಗಳನ್ನೂ ಕನ್ನಡದಲ್ಲಿ ಬರೆದರು. ವಾಪಸ್ಸು ಬಂದ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಮತ್ತೆ ನೋಡಿದರು. ಅದರಲ್ಲಿ ಸರಿಯಾಗಿದ್ದದ್ದು ಎರಡೇ ಎರಡು: ಕಾರ್ಬನ್ ಡೈಆಕ್ಸೈಡ್, ಮತ್ತು ಬೋರಾನಿನ ಸುತ್ತ ಮೂರು ಫ್ಲೋರಿನ್ ಇರುವ ಒಂದು. ಆ ಬೋರಾನಿನದು ನಿಜವಾಗಿಯೂ ಫ್ಯಾನಿನ ರೆಕ್ಕೆಯಂತೆ ಚಪ್ಪಟೆಯೇ. ಅಮೋನಿಯಾದಲ್ಲೂ ನಡುವೆ ಒಂದು, ಸುತ್ತ ಮೂರು. ಆದರೆ ಅದು ಮುಕ್ಕಾಲಿಯಂತೆ ಎದ್ದಿರಬೇಕು. ಅದಕ್ಕೆ ತುದಿಗಳುಂಟು, ಬೋರಾನಿನದಕ್ಕೆ ಇಲ್ಲ.

"ಒಂದು ಚಪ್ಪಟೆ, ಇನ್ನೊಂದು ಮುಕ್ಕಾಲಿ. ಇದು ಯಾಕೆ ಎದ್ದು ನಿಂತಿದೆ?"

"ಅಮೋನಿಯಾದ ನೆತ್ತಿ ಮೇಲೆ ಇನ್ನೊಂದು ಜೋಡಿ ಎಲೆಕ್ಟ್ರಾನ್ ಕೂತಿರುತ್ತೆ. ಯಾರ ಜೊತೆಗೂ ಸೇರದೆ ಒಂಟಿಯಾಗಿ. ಅದು ಜಾಗ ಹಿಡಿಯುತ್ತೆ, ಉಳಿದವರನ್ನ ಕೆಳಕ್ಕೆ ತಳ್ಳುತ್ತೆ. ಮಾದರಿಯಲ್ಲಿ ಅದನ್ನ ತೋರಿಸಲ್ಲ."

"ಕಾಣದೇ ಇರೋದು ಕೂತ್ಕೊಂಡು ಕಾಣೋದನ್ನ ತಳ್ಳುತ್ತೆ" ಎಂದು ಲೇತಕ್ಕ ನಿಧಾನವಾಗಿ ಹೇಳಿದಳು. ಅರ್ಥವಾದಂತೆಯೂ ಇತ್ತು, ಹಿಡಿಯಲು ಹೋದರೆ ಜಾರುತ್ತಲೂ ಇತ್ತು.

ಅರ್ಥದ ಮಾತು ಹಾಗಿರಲಿ, ಅವಳ ಕೈಗೆ ಬಂದ ಕಷ್ಟ ಬೇರೆ. ನಾಲ್ಕು ತೂತುಗಳನ್ನು ಗುಂಡಿನ ಸುತ್ತ ಎಲ್ಲ ದಿಕ್ಕಿಗೂ ಸಮ ದೂರದಲ್ಲಿ ಕೊರೆಯಬೇಕು. ಮೇಡಂ ನೂರ ಒಂಬತ್ತೂವರೆ ಡಿಗ್ರಿ ಎಂದು ಬರೆದುಕೊಟ್ಟಿದ್ದರು; ಹಾಳೆಯ ದಪ್ಪ ಕಡ್ಡಿ ಮುಂದಕ್ಕೆ, ಚುಕ್ಕಿಯದು ಹಿಂದಕ್ಕೆ ಚಾಚಿದ್ದೆಂದೂ ಹೇಳಿದ್ದರು. ಗುಂಡಿನ ಮೇಲೆ ಡಿಗ್ರಿ ಅಳೆಯುವುದಾದರೂ ಹೇಗೆ? ಅದಕ್ಕೆ ಅಂಚಿಲ್ಲ, ಮೂಲೆಯಿಲ್ಲ, ಅಳತೆಪಟ್ಟಿ ಇಟ್ಟರೆ ಜಾರುತ್ತದೆ. ದಾರ ಸುತ್ತಿ ನೋಡಿದಳು. ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆಲೂಗಡ್ಡೆಗೆ ಮೊಳೆ ಚುಚ್ಚಿ ನೋಡಿದಳು; ಮೂರು ಮೊಳೆ ಸರಿಯಾಗಿ ಕೂತರೆ ನಾಲ್ಕನೆಯದು ಎತ್ತಲೋ ನೋಡುತ್ತಿತ್ತು. ಒಂಬತ್ತು ಗುಂಡು ಹಾಳಾದವು. ನಾದಿನಿ ಆ ಮೊಳೆ ಚುಚ್ಚಿದ ಆಲೂಗಡ್ಡೆಗಳನ್ನು ನೋಡಿ, ಇವತ್ತಿನ ಪಲ್ಯ ನೀವೇ ತಿನ್ನಿ ಎಂದಳು.

ಎರಡನೇ ವಾರ ಮುಗಿಯುತ್ತಿದ್ದಾಗ, ಬೆಳಗಿನ ಹತ್ತರ ಹೊತ್ತಿಗೆ, ಲೇತಕ್ಕ ಹೊಸ ಗುಂಡುಗಳಿಗೆಂದು ಮರದ ಘನಗಳನ್ನು ಕೊಯ್ಯುತ್ತಿದ್ದಳು. ಗುಂಡು ಕಡೆಯುವ ಮುಂಚೆ ಮರ ಆರು ಮುಖದ ತುಂಡಾಗಿರುತ್ತದೆ. ಅಂಥ ಒಂದನ್ನು ಅಂಗೈಯಲ್ಲಿಟ್ಟು ತಿರುಗಿಸುತ್ತಿದ್ದಾಗ ಅವಳ ಹೆಬ್ಬೆರಳು ಒಂದು ಮೂಲೆಯಿಂದ ಮುಖದ ಕರ್ಣದ ಗುಂಟ ಓರೆಯಾಗಿ ಆಚೆಯ ಮೂಲೆಗೆ ಸರಿಯಿತು. ಎಂಟು ಮೂಲೆ. ಒಂದನ್ನು ಹಿಡಿ, ಅದರ ಪಕ್ಕದ ಮೂರನ್ನು ಬಿಡು, ಅವುಗಳ ಆಚೆಯ ಮೂರನ್ನು ಹಿಡಿ. ಒಂದು ಬಿಟ್ಟು ಒಂದು. ಹಿಡಿದವು ನಾಲ್ಕು, ಬಿಟ್ಟವು ನಾಲ್ಕು. ಹಿಡಿದ ನಾಲ್ಕರಲ್ಲಿ ಯಾವೆರಡನ್ನು ಅಳೆದರೂ ಅಂತರ ಒಂದೇ.

ಗುಂಡು ಮಾಡಿ ತೂತು ಕೊರೆಯುವುದಲ್ಲ. ಮೊದಲು ತೂತು ಕೊರೆದು ಆಮೇಲೆ ಗುಂಡು ಮಾಡುವುದು! ನಾಲ್ಕು ಮೂಲೆಗಳ ಮೊನೆಯನ್ನು ಗರಗಸದಿಂದ ಸ್ವಲ್ಪ ಸವರಿ ಬೈರಿಗೆ ಕೂರಲು ಜಾಗ ಮಾಡಿದಳು. ಒಂದೊಂದು ಮೂಲೆಯಿಂದಲೂ ನಟ್ಟನಡುವಿಗೆ ಕೊರೆದಳು. ತೂತಿಗೆ ಉಳಿ ಸಿಕ್ಕಿ ಅಂಚು ಕೀಳಬಾರದೆಂದು ಬಿಳಿ ಮರದ ಬೆಣೆಗಳನ್ನು ತೂತಿಗೆ ಹೊಡೆದು, ಆಮೇಲೆ ಯಂತ್ರಕ್ಕೆ ಏರಿಸಿ ಗುಂಡಗೆ ಕಡೆದಳು. ಬೆಣೆ ಕಿತ್ತು ನಾಲ್ಕು ಕಡ್ಡಿ ಸಿಕ್ಕಿಸಿದಾಗ, ಯಾವ ಮೂರರ ಮೇಲೆ ನಿಲ್ಲಿಸಿದರೂ ನಾಲ್ಕನೆಯದು ನೆಟ್ಟಗೆ ಸೂರು ನೋಡುತ್ತಿತ್ತು.

ಮೇಡಂ ಅದನ್ನು ಹಲಗೆಯ ಮೇಲೆ ಒಂದೊಂದೇ ಮಗ್ಗುಲಿಗೆ ನಿಲ್ಲಿಸಿ ನೋಡಿದರು. "ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಮರ ಹಾಗೇ ಇತ್ತು."

ಮೇಡಂ ನಾಲ್ಕೂ ಕಡ್ಡಿಗೆ ಹಸಿರು ಗುಂಡು ಸಿಕ್ಕಿಸಿದರು. ಅವು ಕ್ಲೋರಿನ್, ಸೆಳೆತ ಜಾಸ್ತಿಯವು. "ನಾಲ್ಕೂ ಎಳೀತಾವೆ. ತುದಿ ಇದೆಯಾ?"

ಲೇತಕ್ಕ ಅದನ್ನು ಉರುಳಿಸಿದಳು. ಎತ್ತ ಉರುಳಿಸಿದರೂ ಅದೇ ರೂಪ. "ಇಲ್ಲ. ಯಾವ ಕಡೆಯಿಂದ ನೋಡಿದ್ರೂ ಒಂದೇ."

ಮೇಡಂ ಒಂದು ಹಸಿರನ್ನು ಕಿತ್ತು ಅಲ್ಲಿಗೆ ಬಿಳಿ ಹೈಡ್ರೋಜನ್ ಹಾಕಿದರು. "ಈಗ?"

"ಈಗ... ಒಬ್ಬ ಬಿಟ್ಟ." ಲೇತಕ್ಕ ತಟ್ಟನೆ ತಲೆಯೆತ್ತಿದಳು. "ಉಳಿದ ಮೂರರ ಕಡೆಗೆ ಹೋಗುತ್ತೆ. ಇದಕ್ಕೆ ತುದಿ ಇದೆ!"

"ಇದು ಕ್ಲೋರೋಫಾರಂ. ಎಳೆಯೋರು ನಾಲ್ಕಿದ್ದಾಗ ಇಲ್ಲದ ತುದಿ ಮೂರಾದಾಗ ಬಂತು."

ಆ ಸಂತೋಷ ಸಂಜೆಯವರೆಗೆ ಉಳಿಯಿತು. ಮಾರನೆಯ ದಿನ ನೀರು ಮಾಡಲು ಕೂತಾಗ ಮತ್ತೆ ಗೊಂದಲ. ನೀರಿಗೂ ಅದೇ ನಾಲ್ಕು ತೂತಿನ ಗುಂಡು. ಎರಡಕ್ಕೆ ಹೈಡ್ರೋಜನ್, ಇನ್ನೆರಡು ಖಾಲಿ ಬಿಡಿ, ಅಲ್ಲಿ ಕಾಣದ ಜೋಡಿಗಳಿರುತ್ತವೆ ಎಂದಿದ್ದರು ಮೇಡಂ. ಆದರೆ ಖಾಲಿ ತೂತು ಎಂದರೆ ಮುಗಿಯದ ಕೆಲಸ. ನೋಡಿದವರು ಲೇತಕ್ಕ ಮರೆತಳು ಎಂದಾರು. ಕೊನೆಗೆ ಅವಳು ಆ ಎರಡು ತೂತಿನ ಬೆಣೆಗಳನ್ನು ಕೀಳದೆ ಹಾಗೆಯೇ ಬಿಟ್ಟು, ಗುಂಡಿಗೆ ಕೆಂಪು ಬಳಿಯುವಾಗ ಅವಕ್ಕೆ ಮಾತ್ರ ಬಣ್ಣ ತಾಗಿಸಲಿಲ್ಲ. ಕೆಂಪು ಆಕ್ಸಿಜನ್ನಿನ ಬೆನ್ನ ಮೇಲೆ ಎರಡು ಬಿಳಿ ಮಚ್ಚೆಗಳಂತೆ ಅವು ಕಂಡವು. ಜೊತೆಗೆ ನೀರಿನ ಕೋನ ನೂರ ನಾಲ್ಕೂವರೆ ಎಂದು ಹಾಳೆಯಲ್ಲಿತ್ತು. ಐದು ಡಿಗ್ರಿ ಕಡಿಮೆ. "ಅಷ್ಟು ನಡೆಯುತ್ತೆ ಬಿಡಿ" ಎಂದಿದ್ದರು ಮೇಡಂ. ಲೇತಕ್ಕನಿಗೆ ನಡೆಯಲಿಲ್ಲ. ಘನದ ಅಡಿಗೆ ತೆಳು ಪಟ್ಟಿ ಕೊಟ್ಟು ವಾಲಿಸಿ ಕೊರೆದು, ಎರಡು ಕಡ್ಡಿಗಳನ್ನು ಐದು ಡಿಗ್ರಿ ಹತ್ತಿರಕ್ಕೆ ತಂದಳು. ನೀರನ್ನು ನೆಟ್ಟಗೆ ಮಾಡಿದವಳು ಈಗ ಅದರ ಸೊಟ್ಟವನ್ನು ಕೂದಲೆಳೆಯಷ್ಟೂ ತಪ್ಪದಂತೆ ಮಾಡಲು ಎರಡು ದಿನ ತೆಗೆದುಕೊಂಡಳು.

ಈ ನಡುವೆ ಒಂದು ಮಧ್ಯಾಹ್ನ ಅವಳೇ ಮೇಡಂಗೆ ಒಂದು ವಿಷಯ ಹೇಳಿದಳು. ಮರಕ್ಕೆ ನೀರು ಒರೆಸಿದರೆ ಎಳೆ ಉಬ್ಬಿ ತರಿತರಿಯಾಗುತ್ತದೆ, ಮಳೆಗಾಲದಲ್ಲಿ ಖಾನೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಪಾಲಿಶ್‌ಗೆ ಬಳಸುವ ಟರ್ಪೆಂಟೈನ್ ಒರೆಸಿದರೆ ಹಾಗಾಗುವುದಿಲ್ಲ. ಎರಡೂ ತೆಳುವಾದ ದ್ರವವೇ, ಎರಡೂ ಮರದೊಳಗೆ ಇಳಿಯುತ್ತವೆ. "ಅಪ್ಪನ್ನ ಕೇಳಿದ್ದೆ ಯಾಕೆ ಅಂತ. ನೀರಿನ ಗುಣ ಅಂದಿದ್ರು. ನೀರಿಗೆ ತುದಿ ಇರೋದಕ್ಕಾ ಮೇಡಂ?"

"ಹೌದು" ಎಂದರು ಮೇಡಂ. "ಮರದ ಎಳೆಯಲ್ಲೂ ಅಂಥ ತುದಿಗಳಿವೆ. ನೀರು ಹೋಗಿ ಅವನ್ನ ಹಿಡ್ಕೊಂಡು ನಡುವೆ ಜಾಗ ಮಾಡ್ಕೊಳ್ಳುತ್ತೆ. ಟರ್ಪೆಂಟೈನಿಗೆ ತುದಿ ಇಲ್ಲ ಅನ್ನೋಷ್ಟು ಕಡಿಮೆ." ಆಮೇಲೆ "ಇದನ್ನ ನಾನು ಕ್ಲಾಸಲ್ಲಿ ಯಾವತ್ತೂ ಹೇಳಿರಲಿಲ್ಲ" ಎಂದರು.

ಕೊನೆಯ ವಾರ ಮೇಡಂ ಎರಡು ಪೆಟ್ಟಿಗೆ ಕೇಳಿದರು, ತುದಿ ಇರುವವಕ್ಕೆ ಒಂದು, ಇಲ್ಲದವಕ್ಕೆ ಒಂದು. ಕಂಡಕ್ಟರು ಮುಚ್ಚಳಗಳ ಮೇಲೆ ದುಂಡಗಿನ ಅಕ್ಷರದಲ್ಲಿ ಧ್ರುವೀಯ, ಅಧ್ರುವೀಯ ಎಂದು ಬರೆದ. ಲೇತಕ್ಕ ಒಂದೊಂದನ್ನೂ ಎತ್ತಿ, ಎಳೆಯುವವರು ಯಾರು, ಎಲ್ಲಿ ನಿಂತಿದ್ದಾರೆ ಎಂದು ತನ್ನಷ್ಟಕ್ಕೆ ಕೇಳಿಕೊಂಡು ಪೆಟ್ಟಿಗೆಗೆ ಹಾಕಿದಳು. ಒಂದೂ ತಪ್ಪಲಿಲ್ಲ. ಕೊನೆಗೆ ಉಳಿದದ್ದು ಓಜೋನ್. ಮೂರೂ ಕೆಂಪು ಗುಂಡು, ನೀರಿನ ಹಾಗೆ ಬಾಗಿದ್ದು.

"ಇದು ಬಾಗಿದೆ, ಆದ್ರೆ ಮೂವರೂ ಒಂದೇ ಮನೆಯವರು. ಸೆಳೆತ ಸಮ. ಯಾರೂ ಯಾರದನ್ನೂ ಕಿತ್ಕೊಳ್ಳಲ್ಲ. ತುದಿ ಇಲ್ಲ" ಎಂದು ಅಧ್ರುವೀಯ ಪೆಟ್ಟಿಗೆಗೆ ಹಾಕಿದಳು.

"ಸರಿಯಾಗಿದೆ" ಎಂದರು ಮೇಡಂ. ಪೆಟ್ಟಿಗೆಗಳು ಶಾಲೆಗೆ ಹೋದವು.

ನಾಲ್ಕು ದಿನ ಬಿಟ್ಟು ಮೇಡಂ ಮತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆ ಮೂರು ಕೆಂಪು ಗುಂಡು. ಲೇತಕ್ಕ ಉಳಿ ಕೆಳಗಿಟ್ಟಳು. "ಮುರೀತಾ?"

"ಇಲ್ಲ ಅಕ್ಕ. ತಪ್ಪು ಪೆಟ್ಟಿಗೆಗೆ ಹಾಕಿದ್ವಿ. ತಪ್ಪು ನಿಮ್ಮದಲ್ಲ, ನಂದು. ರಾತ್ರಿ ದೊಡ್ಡ ಪುಸ್ತಕ ತೆಗೆದು ನೋಡಿದೆ. ಓಜೋನಿಗೆ ತುದಿ ಇದೆಯಂತೆ. ಸ್ವಲ್ಪವೇ, ಆದ್ರೆ ಇದೆ."

"ಮೂವರೂ ಒಂದೇ ಅಲ್ವಾ?"

"ಒಂದೇ."

"ಮತ್ತೆ?"

"ನಡುವೆ ಇರೋದು ಎರಡು ಕಡೆಗೂ ಕೈ ಚಾಚಿರುತ್ತೆ. ಹಾಗಾಗಿ ಅದರ ಪಾಲು ಸ್ವಲ್ಪ ಕಡಿಮೆ ಆಗುತ್ತಂತೆ. ಸೆಳೆತ ಸಮ ಇದ್ರೂ ನಿಂತ ಜಾಗ ಸಮ ಇಲ್ಲ. ನಾನು..." ಮೇಡಂ ಸ್ಟೂಲಿನ ಮೇಲೆ ಕೂತುಬಿಟ್ಟರು. "ನಿಜ ಹೇಳ್ಬೇಕಂದ್ರೆ ನನಗೂ ಪೂರ್ತಿ ತಲೆಗೆ ಹೋಗಿಲ್ಲ. ಐದು ವರ್ಷದಿಂದ ಮಕ್ಕಳಿಗೆ ತುದಿ ಇಲ್ಲ ಅಂತಾನೇ ಹೇಳ್ತಾ ಬಂದಿದ್ದೀನಿ."

ಲೇತಕ್ಕ ಓಜೋನನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ತಾನೊಬ್ಬಳೇ ದಡ್ಡಿ ಎಂದು ಮೂರು ವಾರ ಕುಗ್ಗಿದ್ದವಳಿಗೆ, ಓದಿದವರೂ ತನ್ನ ಹಾಗೆಯೇ ತಲೆ ಕೆರೆದುಕೊಳ್ಳುತ್ತಾರೆ ಎಂಬುದು ಹೊಸ ಸುದ್ದಿ. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ದಿಗಿಲು ಬಂತು: ಹಾಗಾದರೆ ಇದು ಯಾರಿಗೆ ಪೂರ್ತಿ ಗೊತ್ತು?

ಪಾಠದ ದಿನ ಮೇಡಂ ಅವಳನ್ನು ಶಾಲೆಗೆ ಕರೆದರು. ಶಾಲೆಯ ಬಾಗಿಲಲ್ಲಿ ಕಾಲು ಒಂದು ಕ್ಷಣ ತಡೆಯಿತು. ನಾಲ್ಕನೇ ಕ್ಲಾಸಿನ ನಂತರ ಅವಳು ಶಾಲೆಯ ಕೋಣೆಯೊಳಗೆ ಕೂತದ್ದು ಅಂದೇ. ಹಿಂದಿನ ಬೆಂಚಿನ ಹುಡುಗಿಯರು ಸರಿದು ಜಾಗ ಕೊಟ್ಟರು. ಮಾದರಿಗಳು ಕೈಯಿಂದ ಕೈಗೆ ಹೋದವು. ಮರದ ಘನದಿಂದ ನಾಲ್ಕು ತೂತು ತೆಗೆಯುವುದನ್ನು ಲೇತಕ್ಕ ಕರಿಹಲಗೆಯ ಮುಂದೆ ನಿಂತು ತೋರಿಸಿದಳು. ಒಂದು ಮೂಲೆಯೂ ತಪ್ಪಲಿಲ್ಲ. ಒಬ್ಬ ಹುಡುಗಿ ನೀರಿನ ಬೆನ್ನಿನ ಬಿಳಿ ಬೆಣೆ ಮುಟ್ಟಿ, "ಇದೇನು, ಗಾಯಾನಾ?" ಎಂದು ಕೇಳಿದಳು.

"ಕಾಣದೇ ಇರೋರು ಕೂತಿರೋ ಜಾಗ" ಎಂದಳು ಲೇತಕ್ಕ. ತರಗತಿ ಗೊಳ್ಳೆಂದಿತು. ಮೇಡಂ ಮಾತ್ರ ನಗದೆ, "ಹೌದು, ಅದೇ. ಅದಿಲ್ಲದಿದ್ರೆ ನೀರು ನೆಟ್ಟಗಿರ್ತಿತ್ತು" ಎಂದರು.

ಆ ವರ್ಷ ಇನ್ನೂ ನಾಲ್ಕು ಶಾಲೆಗಳಿಂದ ಪೆಟ್ಟಿಗೆಗಳಿಗೆ ಕೇಳಿಕೊಂಡು ಬಂದರು. ಲೇತಕ್ಕ ಎಲ್ಲರಿಗೂ ಮಾಡಿಕೊಟ್ಟಳು. ಐದು ಡಿಗ್ರಿಯನ್ನು ಯಾರೂ ಕೇಳದಿದ್ದರೂ ಬಿಡಲಿಲ್ಲ. ಸಾಮಾನು ಒಯ್ಯಲು ಬಂದ ಒಬ್ಬೊಬ್ಬ ಮೇಷ್ಟರನ್ನೂ ಸ್ಟೂಲಿನ ಮೇಲೆ ಕೂರಿಸಿ, ಮೂರು ಕೆಂಪು ಗುಂಡುಗಳನ್ನು ಕೈಗೆ ಕೊಟ್ಟು, ಇದಕ್ಕೆ ತುದಿ ಹೇಗೆ ಬಂತು ಎಂದು ಕೇಳಿದಳು. ಮೊದಲನೆಯವರು ತುದಿ ಇಲ್ಲವೆಂದು ವಾದಿಸಿದರು. ಎರಡನೆಯವರು ಹಾಳೆ ತುಂಬ ಬಾಣಗಳನ್ನು ಬರೆದು, ಕೊನೆಗೆ ತಮ್ಮ ಬಾಣಗಳಲ್ಲೇ ದಾರಿ ತಪ್ಪಿದರು. ಮೂರನೆಯವರು ಮನೆಗೆ ಹೋಗಿ ನೋಡಿ ಹೇಳುತ್ತೇನೆಂದರು. ನಾಲ್ಕನೆಯವರು ಪೆಟ್ಟಿಗೆ ಎತ್ತಿಕೊಳ್ಳುತ್ತ, "ಅದು ಪರೀಕ್ಷೆಗೆ ಬರಲ್ಲ ಬಿಡಿ ಅಕ್ಕ" ಎಂದರು.

"ನನಗೆ ಪರೀಕ್ಷೆ ಇಲ್ಲ ಸಾರ್" ಎಂದಳು ಲೇತಕ್ಕ. "ಕೂತ್ಕೊಳ್ಳಿ, ನಿಧಾನವಾಗಿ ಹೇಳಿ."